ನಡುಗೆರೆಯ ಆಚೆ

೨೦೨೩ರ ಜುಲೈ ೨೨, ಶನಿವಾರ, ಸಂಜೆ ಆರು ಗಂಟೆ ಹತ್ತು ನಿಮಿಷ. ಅಕ್ಕಿಆಲೂರಿನ ಕಬಡ್ಡಿ ಸಂಘದ ತಗಡಿನ ಪಡಸಾಲೆಯಲ್ಲಿ ಮಳೆಗೆ ಸಿಕ್ಕಿಕೊಂಡವರು ಏಳು ಜನ: ಅಭ್ಯಾಸ ಅರ್ಧಕ್ಕೆ ಬಿಟ್ಟ ಐವರು ಹುಡುಗಿಯರು, ಹಳೆಯ ಅಂಪೈರ್ ಉಳಿವೆಪ್ಪ, ಹಾನಗಲ್ಲಿನಲ್ಲಿ ಭೌತಶಾಸ್ತ್ರ ಕಲಿಸುವ ಧೀರೇಂದ್ರ. ಸಂಘದ ಐವತ್ತು ವರ್ಷದ ಚರಿತ್ರೆ ಬರೆದವನು ಧೀರೇಂದ್ರನೇ. ಪಂದ್ಯದ ತಾರೀಖು, ಅಂಕಣದ ಅಳತೆ, ಎಲ್ಲವನ್ನೂ ಎರಡೆರಡು ಸಲ ತಾಳೆ ನೋಡಿದ್ದ. ಮೊದಲ ಅಧ್ಯಾಯವನ್ನು ಮಾತ್ರ ಊರಿಗೆಲ್ಲ ಗೊತ್ತಿದ್ದ ಸಂಗತಿಯೆಂದು ಯಾರನ್ನೂ ಕೇಳದೆ ಬರೆದಿದ್ದ: ೧೯೮೬ರ ಫೈನಲ್ಲಿನಲ್ಲಿ ಸ್ವಂತ ಊರಿನ ಆಟಗಾರನನ್ನೇ ಔಟ್ ಕೊಟ್ಟು ಶಾಲು ಹೊದಿಸಿಕೊಂಡ ನ್ಯಾಯವಂತ ಉಳಿವೆಪ್ಪನ ಕತೆ. ಅಚ್ಚಾಗಿ ಬಂದ ಪುಸ್ತಕ ಈಗ ಮುದುಕನ ಕೈಯಲ್ಲಿತ್ತು.

"ಶಾಲಿನ ಕತಿ ಹೌದಲ್ರಿ ಅಜ್ಜಾರ?" ಎಂದಳು ಸವಿತಾ, ಮೊಣಕಾಲಿನ ಕೆಸರು ಕೆರೆಯುತ್ತ. "ಬ್ಯಾರೇದ್ದು ಹೇಳ್ರಿ. ಇದನ್ನ ಹತ್ತ ಸಲ ಕೇಳೇವಿ."

"ಊರವರು ಹೇಳಿದ್ದು ಕೇಳೀರಿ. ನಾ ಹೇಳಿಲ್ಲ," ಎಂದು ಉಳಿವೆಪ್ಪ ಪುಸ್ತಕ ಮುಚ್ಚಿದ.

"ಶೇಖಸಾಬ ಅಂತ ಇದ್ದ. ಅಕ್ಕಿ ಮಿಲ್ಲಿನಾಗ ಹಮಾಲಿ, ನನ್ನ ಜೋಡಿ ಸಾಲಿ ಕಲ್ತಾಂವ. ಕಡೀ ರೇಡ್ ಅಂವಂದು... ಗೆಲ್ಲಾಕ ಒಂದ ಪಾಯಿಂಟ್ ಬೇಕು. ಐದು ಮಂದಿ ಮೈಮ್ಯಾಲೆ ಬಿದ್ರೂ ಅಂವ ದಮ್ಮು ಬಿಡಲಿಲ್ಲ, ಕಬಡ್ಡಿ ಕಬಡ್ಡಿ ಅನಕೋತನ ಅವರಷ್ಟೂ ಮಂದೀನ ಎಳಕೊಂಡು ಬಂದು, ನನ್ನ ಬೂಟಿನ ಮುಂದ, ನಡುಗೆರಿ ದಾಟಿಸಿ ಕೈ ಚಾಚಿದ. ನಾಕ ಬೆರಳು ಗೆರಿ ಆಚೆ... ನಾ ನೋಡಿದೆ. ಧೂಳಿನಾಗ ಮತ್ಯಾರಿಗೆ ಕಾಣಬೇಕು? ಮುಂಜಾನಿಂದ ಎದುರಿನ ತಂಡದ ಹಿರೇಕೆರೂರಿನವರು ಅನ್ನಾಕತ್ತಿದ್ರು, 'ಅಂಪೈರ್ ಇದ ಊರಾಂವ, ಕಪ್ಪು ಈಗ ಒಯ್ದು ಅವರ ಮನ್ಯಾಗ ಇಟ್ಟುಬಿಡ್ರಿ' ಅಂತ. ಆ ಮಾತು ತಲ್ಯಾಗ ಕುಂತಿತ್ತು ನೋಡ್ರಿ... ಸೀಟಿ ಊದಿ, ಕೈ ಮುಟ್ಟಿಲ್ಲ, ಔಟ್ ಅಂದೆ.

"ಅಂವ ಜಗಳಾ ತಗೀಲಿಲ್ಲ. ಬಿದ್ದಲ್ಲಿಂದನ ನನ್ನ ಮಾರಿ ನೋಡಿದ. ಕೈ ಮಾತ್ರ ಹಿಂದ ತಗೊಳ್ಳಲಿಲ್ಲ... ಗೆದ್ದವರು ನನಗ ಶಾಲು ಹೊದಿಸಿದ್ರು. ಮುಂದ ಸವಣೂರಿರಲಿ, ಶಿಗ್ಗಾವಿ ಇರಲಿ, 'ನ್ಯಾಯದ ಉಳಿವೆಪ್ಪನ್ನ ಕರಸ್ರಿ' ಅನ್ನೋರು. ಎರಡ ತಿಂಗಳಿಗೆ, ಹಿಂಗ ಮಳಿ ಹಿಡದಾಗ, ಹಳೇ ಗ್ವಾಡಿ ಒಂದು ಅಂವನ ಮ್ಯಾಲೆ ಬಿತ್ತು. ನಾನೂ ಮಣ್ಣು ತಗ್ಯಾಕ ಹೋಗಿದ್ದೆ. ಮೊದಲ ಕಂಡಿದ್ದು ಏನು, ಗೊತ್ತದೇನು?... ಕೈ. ನಾಕ ಬೆರಳು, ಹೊರಗ ಚಾಚಿದ್ದು."

ಸವಿತಾ ಮೊಣಕಾಲು ಕೆರೆಯುವುದನ್ನು ನಿಲ್ಲಿಸಿದಳು.

"ಅಂವನ ಹೆಂಡ್ತಿ ಬಾನುಬಿ ಕಡೆ ಹೋಗಿ ಖರೇ ಹೇಳಿದೆ. 'ನನ್ನ ಮುಂದ ಯಾಕಣ್ಣಾ? ಎಲ್ಲಿ ನಿಂತು ಔಟ್ ಅಂದ್ಯೋ ಅಲ್ಲೇ ನಿಂತು, ಮಂದಿ ಮುಂದ ಹೇಳು' ಅಂದ್ಲು. ಮೂವತ್ತೇಳು ವರ್ಷ ಆತು... ಆ ಶಾಲು ತಗದು ಇಡಾಕ ಧೈರ್ಯ ಆಗಲಿಲ್ಲ. ಆಕೀನೂ ಹ್ವಾದ್ಲು. ಅಂವ ಹೋಗಿಲ್ಲ. ಪ್ರತಿ ವರ್ಷ ದೊಡ್ಡ ಮಳಿ ಬಿದ್ದು ಅಂಕಣ ಮೆತ್ತಗಾದಾಗ, ಅದ ಜಾಗಾದಾಗ ಕೈ ಮೂಡ್ತದ. ಯಾರರ ನೋಡ್ಯಾರು ಅಂತ ನಾ ಬಂದು ಕಾಲಿಲೆ ಅಳಸ್ತೇನಿ... ಸರ, ಆ ಪುಟ ತಗೀರಿ. ಖರೇದ್ದು ಬರೀರಿ."

"ಐದನೂರು ಪ್ರತಿ ಅಚ್ಚಾಗ್ಯಾವರಿ," ಎಂದ ಧೀರೇಂದ್ರ. ಅವನ ಸ್ವರ ಅವನಿಗೇ ಸಣ್ಣದಾಗಿ ಕೇಳಿಸಿತು. "ಒಂದು ಸಲ ನಾನು ನಿಮ್ಮನ್ನ ಕೇಳಬೇಕಾಗಿತ್ತು."

"ಒಂದ ಸಲ ನಾನೂ ಹೇಳಬೇಕಾಗಿತ್ತು. ಹೋಗಿ ನೋಡಿ ಬರ್ರಿ... ಈ ವರ್ಷ ನಾ ಅಳಿಸಿಲ್ಲ."

ಮಳೆ ಸಣ್ಣಗಾಗಿತ್ತು, ಬೆಳಕು ಇನ್ನೂ ಇತ್ತು. ಹುಡುಗಿಯರ ಹೆಜ್ಜೆಗಳನ್ನೆಲ್ಲ ಮಳೆ ತೊಳೆದಿತ್ತು; ಅಂಕಣದ ಹಸಿ ಮಣ್ಣಿನ ಮೇಲೆ ಒಂದೂ ಹೆಜ್ಜೆ ಇರಲಿಲ್ಲ. ನೆಲಕ್ಕೆ ಮೊಳೆ ಹೊಡೆದಿದ್ದ ಬಿಳಿ ಪಟ್ಟಿಯೇ ನಡುಗೆರೆ. ಧೀರೇಂದ್ರ ಅದರ ಪಕ್ಕ ಮೊಣಕಾಲೂರಿ, ಚೀಲದಿಂದ ಸ್ಟೀಲಿನ ಸ್ಕೇಲು ತೆಗೆದ. ಹಿಂದೆ ಉಳಿವೆಪ್ಪ ಬಂದು, ಅಂದು ನಿಂತಿದ್ದ ಜಾಗದಲ್ಲಿ ನಿಂತು, ಹುಡುಗಿಯರತ್ತ ತಿರುಗಿ ಹೇಳಿದ: "ಶೇಖಸಾಬ ಔಟ್ ಆಗಿರಲಿಲ್ಲ."

ಧೀರೇಂದ್ರ ಎರಡು ಸಲ ಅಳೆದ. ಪುಸ್ತಕದ ಮೊದಲ ಅಧ್ಯಾಯದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಂಡ. ಗೆರೆಯಿಂದ ಆಚೆಗೆ, ನಡುಬೆರಳಿನ ತುದಿಯವರೆಗೆ, ೭.೨ ಸೆಂಟಿಮೀಟರ್.