ಗೇಟಿಗೆ ಬೆನ್ನು ಹಾಕಿ ಕೂತ ಹುಡುಗಿ

ಬಾಗಿಲು ಮುಂದಕ್ಕೆ ಹಾಕು. ಇನ್ನೂ ಸ್ವಲ್ಪ... ಹಾಂ, ಸಾಕು. ಈಗ ಕಿವಿ ಇಲ್ಲಿ ತಾ. ನಾನು ಮೆಲ್ಲಗೆ ಹೇಳ್ತೀನಿ, ನೀನೂ ಮೆಲ್ಲಗೇ ಕೇಳು. ಗೋಡೆಗೂ ಕಿವಿ ಇರುತ್ತೆ. ಮೊದಲು ಆಣೆ ಇಡು, ಯಾರಿಗೂ ಹೇಳಲ್ಲ ಅಂತ. ಆ ಹೊಲಿಗೆ ಮಿಷನ್ ಮುಟ್ಟಿ ಆಣೆ ಇಡು, ನಿನ್ನ ಅನ್ನ ಅದು. ಯಾರಿಗೂ ಅಂದ್ರೆ ಯಾರಿಗೂ!

ಯಾಕೆ ನಗ್ತೀಯಾ? ನಾನೇನು ಊರೆಲ್ಲ ಸಾರ್ಕೊಂಡು ತಿರುಗ್ತೀನಾ? ಹಾಲಿನವನಿಗೆ ಹೇಳಿದೆ, ಅದೂ ಅವನೇ ಕೇಳಿದ್ದಕ್ಕೆ. ಮೇಲ್ಮನೆಯವಳಿಗೆ ಅರ್ಧ ಹೇಳಿದೆ. ಅರ್ಧ ಹೇಳಿದ್ದು ಹೇಳಿದ ಲೆಕ್ಕಕ್ಕೆ ಬರುತ್ತಾ?

ಏನು? ಅದೇ ಮಿಷನ್ ಮುಟ್ಟಿ ನಿನ್ನೆ ಒಂದು ಆಣೆ ಇಟ್ಟಾಗಿದೆಯಾ? ಯಾರ ಹತ್ರ? ಯಾವ ವಿಷಯಕ್ಕೆ?... ಹೇಳಲ್ವಾ? ನನ್ನ ಹತ್ರಾನೇ ಗುಟ್ಟು! ಇರಲಿ, ಆಮೇಲೆ ನಿನ್ನ ಬಾಯಿ ಬಿಡಿಸ್ತೀನಿ.

ನಿನ್ನೆ ಆ ವಸತಿ ಶಾಲೇಲಿ ನಡೀತಲ್ಲ, ಅದರ ಕತೆ. ಗೊತ್ತು ಕಣೇ, ನೀನೂ ಅಲ್ಲೇ ಇದ್ದೆ. ಹೊಲಿದ ದಿಂಬಿನ ಕವರಿನ ಗಂಟು ಹೊತ್ಕೊಂಡು ಒಳಗೆ ಹೋದದ್ದನ್ನ ಕಣ್ಣಾರೆ ಕಂಡೆ. ಆದ್ರೆ ಒಳಗಿದ್ದೋರಿಗೆ ಒಳಗಿಂದಷ್ಟೇ ಕಾಣುತ್ತೆ. ಪೂರ್ತಿ ಚೆಂದ ಕಾಣೋದು ಹೊರಗಿದ್ದೋರಿಗೆ. ನಾನು ಗೇಟಿನ ಎದುರಿಗೇ ಇದ್ದೆ, ಚಪ್ಪಲಿ ಹೊಲಿಯೋನ ಹತ್ರ. ಬಾರು ಕಿತ್ತಿತ್ತು, ಹೊಲಿಸೋಣ ಅಂತ ಹೋದೆ. ಅಷ್ಟೇ. ಅಕಸ್ಮಾತ್ತು.

ಕಾಲು ಯಾಕೆ ನೋಡ್ತೀಯಾ? ಹೌದು, ಇನ್ನೂ ಪಿನ್ನೇ ಇದೆ. ಅವನಿಗೆ ಬಿಡುವಿರಲಿಲ್ಲ. ಬಾಯಿ ನೋಡ್ಕೊಂಡು ಮಾತು ಕೇಳು ಅಂದ್ರೆ ಚಪ್ಪಲಿ ನೋಡ್ತಾಳೆ!

ಆ ದೊಡ್ಡ ಮೇಡಮ್ಮು, ಅತ್ತರಿನ ಬಾಟ್ಲಿ ಅಂತೀನಲ್ಲ ನಾನು... ಅವಳು ಎದ್ದುಹೋದ್ರೂ ಅವಳ ವಾಸನೆ ಕುರ್ಚಿ ಬಿಟ್ಟು ಏಳಲ್ಲ... ಅವಳು ಮೈಕು ಹಿಡಿದಳು. ‘ಮುಂದೆ ಬರೋ ಸವಾಲುಗಳಿಗೆ ನಮ್ಮ ಶಾಲೆ ಈಗಲೇ ಸಿದ್ಧ.’ ಸವಾಲಂತೆ! ಪ್ರವಾಹ ಬರಬಹುದಂತೆ, ಕಾಯಿಲೆ ಹಬ್ಬಬಹುದಂತೆ, ಬೆಂಕಿ ಬೀಳಬಹುದಂತೆ, ವಾರಗಟ್ಟಲೆ ಕರೆಂಟು ಹೋಗಬಹುದಂತೆ. ಅದಕ್ಕೇ ಮಾಡಿನ ಮೇಲೆ ಬಿಸಿಲು ಹಿಡಿಯೋ ಹಲಗೆ, ನೆಲದಡೀಲಿ ನೀರಿನ ತೊಟ್ಟಿ, ಕ್ಲಾಸಿಗೊಂದು ಗಾಜಿನ ಪರದೆ. ಮೇಷ್ಟ್ರಿಗೆ ಬರೋಕಾಗದೆ ಹೋದ್ರೆ ಪರದೆ ಒಳಗಿಂದಾನೇ ಪಾಠ ಹೇಳ್ತಾರಂತೆ. ಒಳ್ಳೇದಪ್ಪ! ಮಗು ಬೆಚ್ಚಿ ಎದ್ರೆ ಆ ಪರದೆ ಬಂದು ಬೆನ್ನು ತಟ್ಟುತ್ತಾ? ನಾನು ಮೂರನೇ ಕ್ಲಾಸಿಗೇ ಸ್ಲೇಟು ಒಡೆದು ಮನೆಗೆ ಬಂದೋಳು, ನನಗೇನು ತಿಳಿಯುತ್ತೆ. ಆದ್ರೆ ಬಾವಿ ತೋಡಿದ್ದೀವಿ, ಬಾವಿ ತೋಡಿದ್ದೀವಿ ಅಂತ ಮೈಕಿನಲ್ಲಿ ಕೂಗೋರ ಮನೇಲಿ ಹಗ್ಗಾನೇ ಇರಲ್ಲ. ಬರೆದಿಟ್ಕೋ.

ಥೂ! ನಿನ್ನ ಹತ್ರ ರಿಪೇರಿಗೆ ಬರ್ತಾವಲ್ಲ ಅವರ ಹಾಸಿಗೆ ಬಟ್ಟೆ, ಮೂಸಿದ್ದೀನಿ ನಾನು. ಒದ್ದೆ ನಾಯಿ ಮಲಗಿ ಎದ್ದ ಹಾಗೆ ನಾರ್ತಾವೆ. ಇವತ್ತಿನ ಹಾಸಿಗೆ ಒಗೆಯೋಕೆ ಆಗದೋರು ನಾಳಿನ ಪ್ರಳಯಕ್ಕೆ ಸಿದ್ಧರಂತೆ. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು.

‘ಶ್’ ಅಂತೀಯಾ? ಮೆಲ್ಲಗೇ ಮಾತಾಡ್ತಿದ್ದೀನಿ, ನನಗೇ ‘ಶ್’ ಅಂತೀಯಾ! ಓ... ಮೊಮ್ಮಗ ಇನ್ನೂ ಎದ್ದಿಲ್ವಾ? ಒಳಕೋಣೆ ಬಾಗಿಲು ಹಾಕಿದ್ದೀಯಲ್ಲ ಅದಕ್ಕೇನಾ? ಮಲಗಲಿ ಬಿಡು, ರಜ.

ಸರಿ, ಎಲ್ಲಿದ್ದೆ? ಆ ಡ್ರಿಲ್ಲು, ಆಪತ್ತು ಬಂದ್ರೆ ಶಾಲೆ ಖಾಲಿ ಮಾಡೋ ತಾಲೀಮು. ಸೈರನ್ನು ಕೂಗ್ತು. ಮಕ್ಕಳೆಲ್ಲ ಟ್ರಂಕು ಎಳ್ಕೊಂಡು ಮೈದಾನಕ್ಕೆ ಬರಬೇಕು. ಊರಲ್ಲೇ ಇರೋ ಹೆತ್ತವರೋ ನೆಂಟರೋ ಬಂದು ಕೈಹಿಡಿದು ಕರ್ಕೊಂಡು ಹೋಗಬೇಕು. ಹೋದ ಮೇಲೆ ಅಡುಗೆಯವರಿಗೆ ರಜ, ಕಟ್ಟಡಕ್ಕೆ ಬೀಗ, ಎರಡು ದಿನ ಯಾರೂ ಒಳಗೆ ಹೋಗಕೂಡದು. ನಿಜವಾಗಿ ಬೀಗ ಹಾಕದಿದ್ರೆ ಅದು ನಾಟಕ ಆಗುತ್ತಂತೆ! ಅಲ್ಲ, ಅಪ್ಪಂದಿರು ಬಂದಿದ್ದು ನೋಡಿದೆಯಾ? ಮಗು ಅಳ್ತಾ ಓಡಿ ಬರ್ತಿದ್ರೆ ಎತ್ಕೊಳ್ಳೋದು ಬಿಟ್ಟು ಫೋನು ಎತ್ತಿ ಹಿಡಿದಿದ್ದಾನೆ ಒಬ್ಬ. ‘ಇನ್ನೊಂದ್ಸಲ ಓಡಿ ಬಾ ಪುಟ್ಟ, ಸರಿಯಾಗಿ ಬರಲಿಲ್ಲ.’

ಅದಕ್ಕಿಂತ ಹೇಸಿಗೆ ಯಾವುದು ಗೊತ್ತಾ? ಆ ಮೈಕು. ಕರ್ಕೊಂಡು ಹೋಗೋರು ಸುಮ್ಮನೆ ಹೋಗೋ ಹಾಗಿಲ್ಲ. ಕಟ್ಟೆ ಹತ್ತಬೇಕು, ಮಗು ಹೆಸರು ಹೇಳಬೇಕು, ನಾನು ಇವರಿಗೆ ಏನಾಗಬೇಕು ಅಂತ ಮೈಕಿನಲ್ಲಿ ಹೇಳಬೇಕು! ಕಳ್ಳರು ಕದ್ದುಕೊಂಡು ಹೋಗಬಾರದಲ್ಲ, ಅದಕ್ಕಂತೆ. ಮೈದಾನಕ್ಕೇನು, ಆಚೆ ಬೇಕರಿಯವನಿಗೂ ಕೇಳುತ್ತೆ. ಯಾರ ಮಗು ಯಾರ ಮನೆಗೆ ಅಂತ ಬೀದಿಗೆಲ್ಲ ಡಂಗುರ!

ಹ್ಹ... ಆದ್ರೂ ಒಂದು ಹೇಳ್ಬೇಕು. ಆ ಕಂಟ್ರಾಕ್ಟರನ ಮಗ ಇದ್ದಾನಲ್ಲ, ದುಂಡು ಹುಡುಗ. ಅವನ್ನ ಕರೆಯೋಕೆ ಬಂದಳು ನೋಡು ಒಬ್ಬಳು, ಕಪ್ಪು ಕನ್ನಡಕ. ಕಟ್ಟೆ ಹತ್ತಿ, ‘ನಾನು ಇವನ ತಾಯಿ’ ಅಂದಳು. ಅನ್ನೋದಕ್ಕೂ ಗೇಟಿನಲ್ಲಿ ಅವನ ನಿಜವಾದ ತಾಯಿ ಇಳಿಯೋದಕ್ಕೂ ಸರಿಹೋಯ್ತು! ಅಯ್ಯೋ, ಆ ಮೈಕು ಇನ್ನೂ ಆರಿಸಿರಲಿಲ್ಲ ಕಣೇ! ಇಬ್ಬರೂ ಏನೇನು ಬೈದಾಡ್ಕೊಂಡ್ರೋ ಅದಷ್ಟೂ ಬೀದಿಗೆ ಬಿತ್ತು. ಚಪ್ಪಲಿ ಹೊಲಿಯೋನು ಉಳಿ ಕೆಳಗಿಟ್ಟು ಕೇಳಿದ. ಬೇಕರಿಯವನು ಗಿರಾಕಿಗಳನ್ನ ಬಿಟ್ಟು ಈಚೆ ಬಂದ. ನಾನಂತೂ... ಬಿಡು. ಅದನ್ನ ಇವತ್ತು ಬೆಳಗಾಗೋದರೊಳಗೆ ಯಾರು ಊರಿಗೆಲ್ಲ ಹರಡಿದ್ರೋ ಗೊತ್ತಿಲ್ಲ.

ಹಾಗೆ ನೋಡ್ಬೇಡ. ನಾನಲ್ಲ.

ಈಗ ಕೇಳು, ಅಸಲು ವಿಷಯ. ಎಲ್ಲರೂ ಹೋದ್ರು. ಒಂದು ಹುಡುಗಿ ಉಳೀತು. ಏಳೋ ಎಂಟೋ ವಯಸ್ಸಿರಬೇಕು, ಈ ವರ್ಷ ಸೇರಿದ್ದು. ಟ್ರಂಕಿನ ಮೇಲೆ ಕೂತಿದೆ, ಜಡೆ ತುದಿ ಬಾಯಲ್ಲಿ. ಹೆದರಿದಾಗ ಹಾಗೇ ಮಾಡೋದು ಅದು, ತುದಿಯೆಲ್ಲ ಒದ್ದೆ ಮಾಡ್ಕೊಳ್ಳುತ್ತೆ. ಬೀಗದಕೈ ಬಂದ್ಲು, ಅದೇ ಆ ವಾರ್ಡನ್ನು, ಗೊಂಚಲು ಝಣಝಣ ಆಡಿಸ್ಕೊಂಡು. ‘ಯಾರು ಬರ್ತಾರೆ ನಿನಗೆ?’ ‘ಅಜ್ಜಿ ಬರ್ತಾರೆ.’ ಅಷ್ಟು ಹೇಳಿ ಗೇಟನ್ನೇ ನೋಡ್ಕೊಂಡು ಕೂತಿತು. ಹೀಗೆ, ಕತ್ತು ಚಾಚಿ.

ಆಮೇಲೆ ಏನು ಮಾಡ್ತು ಗೊತ್ತಾ ಆ ಮೊಂಡು ಕೂಸು? ಎದ್ದು, ಟ್ರಂಕನ್ನ ದರದರ ಎಳೆದು ತಿರುಗಿಸಿ, ಗೇಟಿಗೆ ಬೆನ್ನು ಹಾಕಿ ಕೂತುಬಿಡ್ತು! ಬೀಗದಕೈ ಮತ್ತೆ ಕೇಳಿದ್ರೆ, ‘ಅಜ್ಜಿ ಊರಲ್ಲಿಲ್ಲ’ ಅಂತು. ಆಗ ತಾನೇ ಬರ್ತಾರೆ ಅಂದದ್ದು, ಈಗ ಊರಲ್ಲಿಲ್ಲ! ಇಷ್ಟುದ್ದ ಇಲ್ಲ, ಎಂಥ ಸುಳ್ಳು! ಕಾವಲಿನವನು ಈಚೆ ಬೀಡಿ ಸೇದೋಕೆ ಬಂದಾಗ ಹೇಳಿದ ಇದನ್ನೆಲ್ಲ.

ಮಿಷನ್ ತುಳಿಯೋದು ನಿಲ್ಸು ಸ್ವಲ್ಪ. ಏನು ಅವಸರ ಅಷ್ಟೊಂದು? ದಾರ ಕಿತ್ತುಹೋಯ್ತು ನೋಡು.

ಆ ಅತ್ತರಿನ ಬಾಟ್ಲಿ ಏನಂದ್ಲು? ‘ಬರೋರು ಬರದೇ ಇದ್ರೆ ಏನು ಮಾಡೋದು ಅಂತ ನಮ್ಮ ಯೋಜನೇಲಿ ಇಲ್ಲ.’ ಕೇಳಿದೆಯಾ! ಪ್ರವಾಹಕ್ಕೆ ಇದೆ, ಬೆಂಕಿಗೆ ಇದೆ, ಕರೆಂಟಿಗೆ ಇದೆ. ಮಗೂನ ಕೇಳೋರಿಲ್ಲದೆ ಹೋದ್ರೆ ಅಂತ ಮಾತ್ರ ಯಾರಿಗೂ ಹೊಳೆದಿಲ್ಲ. ಹೇಳಲಿಲ್ವಾ ನಾನು, ಹಗ್ಗ ಇರಲ್ಲ ಅಂತ! ಬಂದೋರಿಗೆಲ್ಲ ಆಗಲೇ ಚಪ್ಪಾಳೆ ಹೊಡೆಸಿ, ಫೋಟೋ ತೆಗೆಸ್ಕೊಂಡಾಗಿತ್ತು, ಕಾರು ಹತ್ತಿ ಹೋದ್ಲು.

ಶಾಲೆಯವರನ್ನ ಅಂದು ಏನು ಪ್ರಯೋಜನ. ಹೆತ್ತವಳಿಗೆ ಬೇಡವಾಗಿದೆ. ಆ ಹುಡುಗಿ ತಾಯಿ ಕತೆ ನಿನಗೆ ಗೊತ್ತಿಲ್ಲ... ಗಂಡನ್ನ ಬಿಟ್ಟಳು. ಬಿಟ್ಟು ಇನ್ನೊಬ್ಬನ ಬೆನ್ನು ಹತ್ತಿ ದೂರದ ಊರು ಸೇರಿದಳು. ಅವನಿಗೆ ಈ ಮಗೂನ ಕಂಡ್ರೆ ಆಗಲ್ಲವಂತೆ, ಅದಕ್ಕೇ ಇದನ್ನ ತಂದು ಹಾಸ್ಟೆಲ್ಲಿಗೆ ದಬ್ಬಿದಳು. ಛೀ! ಬೆಕ್ಕಾದ್ರೂ ಮರೀನ ಬಾಯಲ್ಲಿ ಕಚ್ಚಿಕೊಂಡು ಏಳು ಮನೆ ಸುತ್ತುತ್ತೆ. ಇವಳು ಟ್ರಂಕಿನ ಜೊತೆ ಮಗೂನೂ ಇಳಿಸಿ ಹೋದಳು. ಮಗೂಗೆ ಏನು ಆಗುತ್ತೆ, ಏನು ಆಗಲ್ಲ ಅಂತಾದ್ರೂ ಹೇಳಿ ಹೋಗಿರ್ತಾಳಾ? ಹಾಲಿನ ಕೆನೆ ತುಟಿಗೆ ಸೋಕಿದ್ರೆ ಸಾಕು, ಉಂಡಿದ್ದೆಲ್ಲ ಕಕ್ಕಿಬಿಡುತ್ತೆ ಅದು. ಆ ಹಾಸ್ಟೆಲ್ಲಿನ ಕೊಳಗದ ಹಾಲಿನಲ್ಲಿ ಯಾರು ತೆಗೀತಾರೆ ಕೆನೆ?

ಯಾರು ಹೇಳಿದ್ರು ಅಂದ್ರೆ? ಯಾರೋ ಹೇಳಿದ್ರು. ಕಾವಲಿನವನೇ ಇರಬೇಕು. ಊರಿಗೇ ಗೊತ್ತು!

ಯಾಕೆ, ನನ್ನ ಮಗಳಿಲ್ವಾ? ಅವಳೂ ದೂರದೂರಲ್ಲೇ ಇದ್ದಾಳೆ. ಗಂಡ, ಮಗು, ಮೂರು ಕೋಣೆ ಮನೆ. ಮೊಮ್ಮಗಳು ಫೋನಿನಲ್ಲಿ ‘ಅಜ್ಜೀ’ ಅಂದ್ರೆ ಸಕ್ಕರೆ. ಹೇಳಿದ್ದೀನಲ್ಲ ನಿನಗೆ ಎಷ್ಟೋ ಸಲ... ಫೋಟೋನಾ? ತೋರಿಸ್ತಿದ್ದೆ, ಫೋನು ಕೆಟ್ಟು ಕೂತಿದೆ. ಹೋದ ತಿಂಗಳೂ ಕೆಟ್ಟಿತ್ತು, ಈಗಲೂ ಕೆಟ್ಟಿದೆ. ಏನಿವಾಗ?

ಆ ಅಜ್ಜೀನಾ? ಆ ಅಜ್ಜಿ... ನನಗೇನು ಗೊತ್ತು ಅವಳ ವಿಷಯ. ಮುದುಕಿ ಇರಬೇಕು. ಮೊಣಕಾಲು ನೋವಿರಬೇಕು. ಹತ್ತು ಜನದ ಎದುರು ಕಟ್ಟೆ ಹತ್ತಿ ಮೈಕಿನಲ್ಲಿ ಹೇಳು ಅಂದ್ರೆ ಹೇಳೋಕಾಗುತ್ತಾ? ‘ಇವಳು ನನ್ನ ಮಗಳ ಮಗಳು’ ಅಂದ್ರೆ ಸುಮ್ಮನೆ ಬಿಡ್ತಾರಾ ಜನ? ಮಗಳೆಲ್ಲಿ, ಅಳಿಯ ಎಲ್ಲಿ, ಯಾಕೆ ಬಿಟ್ಟಳು, ಯಾರ ಜೊತೆ... ಈ ಊರಿನ ಬಾಯಿ ನಿನಗೆ ಗೊತ್ತಿಲ್ಲ! ಬೀಳೋದೇ ತಡ, ಎಲುಬೂ ಬಿಡಲ್ಲ. ಅವಳೂ ಪಾಪ ಇಷ್ಟು ವರ್ಷ ತಲೆ ಎತ್ಕೊಂಡು ಬಾಳಿರ್ತಾಳೆ...

ಹಾಗ್ಯಾಕೆ ನೋಡ್ತೀಯಾ? ನಾನ್ಯಾಕೆ ಅವಳ ಪರ ಮಾತಾಡಲಿ? ನನಗೂ ಅವಳಿಗೂ ಏನು?

ಇಲ್ಲಿ ಕೇಳು. ನಾನು ಕತ್ತಲಾಗೋ ಹೊತ್ತಿಗೆ ಬಂದುಬಿಟ್ಟೆ. ಬೀಗದಕೈ ದೊಡ್ಡ ಬಾಗಿಲಿಗೆ ಬೀಗ ಜಡೀತಿದ್ಲು. ಹುಡುಗಿ ಹಾಗೇ ಕೂತಿತ್ತು, ಅದೇ ಬೆನ್ನು. ಆಮೇಲೆ ಏನಾಯ್ತು? ನೀನು ಕೊನೇತನಕ ಇದ್ದೆಯಲ್ಲ. ಯಾರ ಮನೆಗೆ ಕಳಿಸಿದ್ರು? ಬೀಗದಕೈ ತನ್ನ ಮನೆಗೆ ಕರ್ಕೊಂಡು ಹೋದ್ಲಾ? ಠಾಣೆಗೇನಾದ್ರೂ... ಠಾಣೆಗೆ ಕಳಿಸಲಿಲ್ಲ ತಾನೇ? ಹೇಳೇ! ಬೆಳಗ್ಗೆ ಎದ್ದ ತಕ್ಷಣ ಬಂದೆ ನಿನ್ನ ಹತ್ರ... ಅಲ್ಲ, ಸುಮ್ಮನೆ. ಕತೆಗೆ ಕೊನೆ ಬೇಕಲ್ಲ. ಕಣ್ಣು ಕೆಂಪಗಿದ್ರೆ ಸೊಳ್ಳೆ ಕಣೇ, ಸೊಳ್ಳೆ ಕಾಟ. ರಾತ್ರಿಯೆಲ್ಲ ನಿದ್ದೆ ಇಲ್ಲ.

ಎದ್ದೆಯಾ? ಮಾತಾಡ್ತಿರೋ ಹಾಗೇ ಎದ್ದು ಹೋಗ್ತಾಳೆ ನೋಡು. ಹಾಲು ಉಕ್ತಿದೆಯಾ? ಸರಿ, ಇಳಿಸು. ನಿನ್ನ ಮೊಮ್ಮಗ ಎದ್ದನೇನೋ... ಅದೇನು ಎರಡು ಲೋಟ? ನನಗೆ ಬೇಡಮ್ಮ.

ನನಗಲ್ವಾ?

ಚಮಚ ಯಾಕೆ? ಕೆನೆ ಯಾಕೆ ತೆಗೀತೀಯಾ? ನಿನ್ನ ಮೊಮ್ಮಗ ಕೆನೆಗೆ ಬೆಕ್ಕಿನ ಹಾಗೆ ಕಾದು ಕೂತಿರ್ತಾನಲ್ಲ... ಓ, ಅವನ ಲೋಟದಲ್ಲಿ ಬಿಟ್ಟಿದ್ದೀಯಾ. ಇನ್ನೊಂದರಲ್ಲಿ ಮಾತ್ರ... ಅಂಚಿಗೆ ಅಂಟಿದ್ದನ್ನೂ ಸೆರಗಿನಲ್ಲಿ ಒರೆಸಿ...

ಯಾರಿಗೆ ಅದು?

ಯಾರಿಗೇ?

ಒಳಗೆ... ಆವಾಗಿಂದ ಒಳಗೇ ಇದೆಯಾ? ನಾನು ಬಂದಾಗಿಂದ? ನಾನು ಅವಳಮ್ಮನ್ನ ಅಂದದ್ದೆಲ್ಲ... ಮೊಂಡು ಅಂದದ್ದು, ಸುಳ್ಳು ಅಂದದ್ದು... ಮೆಲ್ಲಗೇ ಆಡಿದೆ ಅಲ್ವಾ ನಾನು? ಕೇಳಿಸಿರಲ್ಲ. ಅಷ್ಟು ಜೋರಾಗಿ ಆಡಲಿಲ್ಲ ಅಲ್ವಾ?

ನೋಡು, ನಾನು ಹೋಗಬೇಕು ಅಂತಾನೇ ಹೋಗಿದ್ದೆ. ಗೇಟಿನ ತನಕ ಹೋಗಿದ್ದೆ. ಆ ಮೈಕೊಂದು ಇಲ್ಲದಿದ್ರೆ... ಜನ ಕರಗಲಿ ಅಂತ ಕಾದೆ. ಜನ ಕರಗೋ ಹೊತ್ತಿಗೆ ಅದು ಬೆನ್ನು ತಿರುಗಿಸಿತ್ತು... ಬೆನ್ನು ನೋಡ್ಕೊಂಡು ಹೇಗೆ ಕರೀಲಿ ನಾನು? ಅದಕ್ಕೆ ನನ್ನ ಮೇಲೆ ಸಿಟ್ಟು ಅನ್ಕೊಂಡೆ...

ಏನು? ಏನಂದೆ? ಲೋಟ ನೋಡ್ಕೊಂಡು ಗೊಣಗಬೇಡ. ನನ್ನ ಮುಖ ನೋಡಿ ಹೇಳು.

‘ಸಿಟ್ಟಲ್ಲ, ದೊಡ್ಡಮ್ಮ. ಚಪ್ಪಲಿ ಹೊಲಿಯೋನ ಪಕ್ಕ ನಿಂತಿದ್ದ ನಿಮ್ಮನ್ನ ಅವಳು ನೋಡಿದಳು, ಯಾರಿಗೂ ನಿಮ್ಮ ಗುರುತು ಸಿಗಬಾರದು ಅಂತಾನೇ ಟ್ರಂಕು ತಿರುಗಿಸಿದ್ದು. ಅದು ನಮ್ಮಜ್ಜಿ, ಯಾರಿಗೂ ಹೇಳಬೇಡಿ ಅಂತ ನಿನ್ನೆ ಈ ಮಿಷನ್ ಮುಟ್ಟಿಸಿ ನನ್ನ ಹತ್ರ ಆಣೆ ಇಡಿಸ್ಕೊಂಡಳು.’