ಗಾಳಿ ಪೂರ್ತಿ ಹೋಗೋ ತನಕ

ಅಲ್ಲ ಕಣೇ, ಕೀ ತಿರುಗಿಸಬೇಡ ಅಂದೆ! ಮತ್ತೆ ತಿರುಗಿಸಿದೆಯಲ್ಲ… ಕೇಳಿಸ್ತಾ? ಕರ್… ಕರ್… ಕರ್. ಇನ್ನು ನಾಲ್ಕು ಸಲ ಹೀಗೇ ಮಾಡಿದ್ರೆ ಬ್ಯಾಟರಿನೂ ಮಲಗತ್ತೆ. ಆಮೇಲೆ ಈ ವ್ಯಾನನ್ನ ತಳ್ಕೊಂಡೇ ಬಂದರಿಗೆ ಹೋಗು. ಇಳಿ, ಇಳಿ. ಬಾ ಈ ಕಡೆ.

ಹಾಗೇನು ನೋಡ್ತೀಯ? ಫಿಲ್ಟರ್ ಬದಲಾಯಿಸಿದ್ಮೇಲೆ ಏರ್ ತೆಗೀದೆ ಯಾವ ಡೀಸೆಲ್ ಇಂಜಿನ್ ಸ್ಟಾರ್ಟ್ ಆಗಿದೆ, ಹೇಳು? ಹೊಸ ಫಿಲ್ಟರ್ ತುಂಬ ಗಾಳಿ. ಅದು ಪೂರ್ತಿ ಹೋಗೋ ತನಕ ಇಂಜಿನ್‌ಗೆ ಡೀಸೆಲ್ ಮುಟ್ಟಲ್ಲ. ನಿನಗೇನು ಹೊಸದಾ ಇದು? ಪಂಪ್ ಒತ್ತು ನೀನು, ಸ್ಕ್ರೂ ನಾನು ನೋಡ್ಕೋತೀನಿ. ಜೋರಾಗಿ ಒತ್ತೇ! ಒಳ್ಳೆ ಬಟ್ಟೆ ಹಾಕ್ಕೊಂಡಿದೀನಿ ಅಂತ ಬೆರಳ ತುದಿಯಲ್ಲಿ ಒತ್ತಿದ್ರೆ ಆಗತ್ತಾ?

ಹ್ಞಾಂ… ಬಂತು ನೋಡು. ಬರೀ ನೊರೆ. ಗುಳ್ಳೆ ಹೋಗಿ ತಿಳಿ ಡೀಸೆಲ್ ಬಂದ ತಕ್ಷಣ ಸ್ಕ್ರೂ ಬಿಗಿ ಮಾಡಿದ್ರೆ ಮುಗೀತು.

ಮತ್ತೆ ಗಡಿಯಾರ ನೋಡ್ತಾಳೆ! ನಾಲ್ಕು ಗಂಟೆಗೆ ಬಂದರಿನಲ್ಲಿರಬೇಕು, ಗೊತ್ತು. ತಡ ಆದ್ರೆ ಆ ಕೆಲಸ ಪಟ್ಟಿಯಲ್ಲಿ ನಿನ್ನ ನಂತರ ಇರೋರ ಪಾಲು, ಅದೂ ಗೊತ್ತು. ಒಂದು ತಿಂಗಳಿಂದ ಇದೇ ಹಾಡು ಕೇಳಿ ಕೇಳಿ ಕಿವಿ ತೂತಾಗಿದೆ. ನಾಲ್ಕು ಗಂಟೆ ದಾರಿ, ಈಗಿನ್ನೂ ಹನ್ನೊಂದು. ಒತ್ತು.

ಏಯ್, ಆ ಬಟ್ಟೆ ಎತ್ತಬೇಡ! ಏನಿಲ್ಲ ಅದರ ಕೆಳಗೆ. ಹಳೇ ಫಿಲ್ಟರ್ ಅಷ್ಟೇ, ಕೈ ಹೊಲಸಾಗತ್ತೆ… ಎತ್ತೇ ಬಿಟ್ಯಾ. ಹೂಂ, ತಾರೀಕು ಬರ್ದಿದೆ. ನಿನ್ನದೇ ಅಕ್ಷರ. ಹಾಕಿದ ದಿನವೇ ಬಣ್ಣದಲ್ಲಿ ಬರೀಬೇಕು ಅಂತ ಈ ಶೆಡ್ಡಿನಲ್ಲಿ ನಾನೇ ತಾನೇ ರೂಢಿ ಮಾಡಿದ್ದು? ಹೋದ ತಿಂಗಳು ಹಾಕಿದ್ದಾದ್ರೆ ಏನಾಯ್ತು? ಕೆಟ್ಟ ಡೀಸೆಲ್ ಬಿದ್ರೆ ಒಂದೇ ವಾರಕ್ಕೆ ಕಟ್ಕೊಳತ್ತೆ. ದೂರದ ದಾರಿ, ತಂಗಿ ನಡುದಾರಿಯಲ್ಲಿ ನಿಲ್ಲಬಾರದು ಅಂತ ಬೆಳಿಗ್ಗೆ ಎದ್ದು ಬದಲಾಯಿಸಿದ್ದೇ ತಪ್ಪಾಯ್ತಾ? ಮೂಸಿ ಏನು ನೋಡ್ತೀಯ? ಕ್ಲೀನಾಗಿದೆ… ಒರೆಸಿಟ್ಟಿದೀನಿ, ಅದಕ್ಕೇ.

ನಗು ಯಾಕೆ ಬರ್ತಿದೆ ನಿನಗೆ? ಒತ್ತು, ಒತ್ತು.

ಇನ್ನೂ ನೊರೆ! ಹಟಮಾರಿ ಗಾಳಿ ಕಣೇ, ನಿನ್ನ ಜಾತಿದೇ. ಮೊಂಡಿ ಅಂತ ಸುಮ್ಮನೆ ಕರೀತೀನಾ ನಿನ್ನ? ಸ್ವಲ್ಪ ಕೂತ್ಕೋ, ಟೀ ಕುಡಿಯೋಣ. ಇವತ್ತಲ್ಲದಿದ್ರೆ ನಾಳೆ… ಆಯ್ತು, ಆಯ್ತು! ಕಣ್ಣು ಕೆಂಪು ಮಾಡಬೇಡ. ಬಾಯಿತಪ್ಪಿ ಬಂತು.

ಬೆರಳು ತೋರಿಸ್ತೀಯಲ್ಲ, ಏನದು? ಟ್ಯಾಂಕಿನ ಪೈಪ್ ಸೇರೋ ಬೋಲ್ಟಾ? ಅದರ ಕೆಳಗೆ ತಾಮ್ರದ ವಾಷರ್ ಹಾಕಿದೀನಾ ಅಂತ ನನ್ನ ಕೇಳ್ತೀಯಾ? ನನ್ನ! ವಾಷರ್ ಇಲ್ದಿದ್ರೆ ಆ ಸಂದಿಯಿಂದ ಗಾಳಿ ಹೀರ್ತಾನೇ ಇರತ್ತೆ, ಸಂಜೆ ತನಕ ಪಂಪ್ ಒತ್ತಿದ್ರೂ ನೊರೆನೇ. ನಿನಗದನ್ನ ಕಲಿಸಿದೋಳೇ ನಾನು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋಳಲ್ಲ ನಿನ್ನಕ್ಕ… ಜೇಬಾ? ಜೇಬು ಯಾರು ಮುಟ್ಕೊಂಡ್ರು? ಕೈ ಒರೆಸ್ಕೊಂಡೆ!

ಅಯ್ಯೋ, ಕೆಳಗೆ ನುಗ್ಗಬೇಡ್ವೇ! ಇಸ್ತ್ರಿ ಬಟ್ಟೆ! ಎಲ್ಲ ಎಣ್ಣೆ ಅಲ್ಲಿ… ನುಗ್ಗೇ ಬಿಟ್ಳು.

ತಗೋ. ಹದಿನೇಳರ ಸ್ಪ್ಯಾನರ್.

ನೋಡಿದ್ಯಾ? ನೀನು ಕೈ ಚಾಚಿದೆ, ನಾನು ಕೊಟ್ಟೆ. ಏನು ಬೇಕು ಅಂತ ನೀನು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಹದಿನಾರು ವರ್ಷ ಹೀಗೇ ಆಯ್ತಲ್ಲ ಕಣೇ. ಒಬ್ಬಳು ಗಾಡಿ ಕೆಳಗೆ, ಒಬ್ಬಳು ಪಕ್ಕದಲ್ಲಿ. ಕೈ ಬಂತು ಅಂದ್ರೆ ಬೇಕಾದ್ದು ಕೈಯಲ್ಲಿ. ಮೊನ್ನೆ ಪಕ್ಕದ ಟೈರ್ ಅಂಗಡಿಯವನನ್ನ ಕೂರಿಸ್ಕೊಂಡು ನೋಡಿದೆ, ನೀನು ಹೋದ್ಮೇಲೆ ಹೇಗಿರತ್ತೆ ಅಂತ. ಕೈ ಚಾಚಿದೆ. ಸುತ್ತಿಗೆ ಕೊಟ್ಟ ಮಹಾರಾಯ! ಆಮೇಲೆ ಟಾರ್ಚ್ ಕೊಟ್ಟ. ಆಮೇಲೆ ಬಿಸ್ಕತ್ ಕೊಟ್ಟ! ನಗಬೇಡ್ವೇ, ನಿಜ…

ಬೋಲ್ಟ್ ಬಿಚ್ಚಿದ್ಯಾ?

ಏನಾಯ್ತೇ?

ಡೀಸೆಲ್ ಮುಖಕ್ಕೆ ಬಿತ್ತಾ? ಏಯ್ ಮೊಂಡಿ… ನಗು ಯಾಕೆ ನಿಂತೋಯ್ತು?

ಕೈ ಯಾಕೆ ಮತ್ತೆ ಚಾಚಿದೀಯ? ಸ್ಪ್ಯಾನರ್ ನಿನ್ನ ಹತ್ರನೇ ಇದೆಯಲ್ಲ. ಬಟ್ಟೆ ಬೇಕಾ? ಟಾರ್ಚಾ? … ಬಿಸ್ಕತ್ತಾ?

ಹೇಳೇ, ಏನು ಬೇಕು?

…

ತಗೋ. ಬೆಳಿಗ್ಗೆಯಿಂದ ನನ್ನ ಜೇಬಲ್ಲೇ ಇತ್ತು.

ನೀನು ಹೋಗೋದು ನನಗೆ ಇಷ್ಟ ಇಲ್ಲ ಕಣೇ… ವಾಷರ್ ಸರಿಯಾಗಿ ಕೂರಿಸು, ವಾರೆ ಮಾಡಬೇಡ. ಪಂಪ್ ನಾನೇ ಒತ್ತುತೀನಿ. ಗಂಟೆ ಹನ್ನೊಂದೂವರೆ, ಮುಟ್ಟುತೀಯ… ಬೈಯಾದ್ರೂ ಬೈಯೇ, ಒಂದು ಮಾತು.