ಗುಡ್ಡ ಹತ್ತಿದ ಬ್ಯಾಕ್ಟೀರಿಯಾ

ಉಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಇಬ್ಬರು ಕೂತಿದ್ದರು. ಹಿರಿಯರು ತಮ್ಮ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ ಬಂದಿದ್ದರು. ಕಿರಿಯವನಿಗೆ ಕುತೂಹಲ.

"ಲ್ಯಾಬಿನಲ್ಲಿ ಎಂತ ಹೇಳಿದ್ರು ಜಯಂತಣ್ಣ?"

"ಕಕ್ಕಸಿನ ಬ್ಯಾಕ್ಟೀರಿಯಾ ಉಂಟಂತೆ ಮಾರಾಯ. ಅಲ್ಲಿಯ ಹುಡುಗಿ ಚಿತ್ರ ತೋರಿಸಿದ್ಳು. ಕೋಲಿನ ಆಕಾರ, ಅದರ ಕೋಶದ ಗೋಡೆಯ ಹೊರಗೆ ಇನ್ನೊಂದು ಪೊರೆ, ಮೈ ತುಂಬ ಬಾಲ."

"ಎಲ್ಲಿಂದ ಬಂತು ಅದು?"

"ಇನ್ನೆಲ್ಲಿಂದ? ನೆರೆಮನೆ ಕ್ಲೆಟಸನ ಕಕ್ಕಸು ಗುಂಡಿಯಿಂದ. ಈಜಿಕೊಂಡು ಬಂದದ್ದು."

"ಅವರ ಮನೆ ಗುಡ್ಡದ ಕೆಳಗಲ್ವಾ?"

"ಅಷ್ಟು ಬಾಲ ಇರುವಾಗ ಗುಡ್ಡ ಹತ್ತಲಿಕ್ಕೆ ಎಂತ ಕಷ್ಟ?"

"ನಿಮ್ಮ ಗುಂಡಿ ಬಾವಿಯ ಹತ್ತಿರವೇ ಉಂಟಲ್ಲ."

"ಅದು ವಾಸ್ತು ನೋಡಿ ತೋಡಿದ್ದು. ಅದರಲ್ಲಿ ಇಂಥದ್ದೆಲ್ಲ ಹುಟ್ಟುದಿಲ್ಲ."

"ಈಗ ಎಂತ ಮಾಡ್ತೀರಿ?"

"ಪಂಚಾಯತಿಗೆ ದೂರು ಕೊಡುದು. ಅವನ ಗುಂಡಿ ಮುಚ್ಚಿಸದೆ ಬಿಡುದಿಲ್ಲ."

"ಅಲ್ಲಿವರೆಗೆ ಕುಡಿಯುವ ನೀರಿಗೆ?"

ಬಾಯಾರು ಊರಿಗೆ ಹೋಗುವ ಬಸ್ಸು ಬಂತು. ಜಯಂತಣ್ಣ ಚೀಲ ಎತ್ತಿಕೊಂಡು ಎದ್ದರು.

"ಕ್ಲೆಟಸನ ಬಾವಿಯಿಂದ ತರ್ತೇವೆ. ಅವನ ನೀರು ಭಾರೀ ಒಳ್ಳೆದುಂಟು" ಎನ್ನುತ್ತ ಬಸ್ಸು ಹತ್ತಿದರು.